ಬೊಗಳಬಾರದೆಂದು ಕಲಿಸಿದ ಮಾವ

ಈರಪ್ಪ ಮಾವ ಮಾತಾಡುತ್ತ ಮಾತಾಡುತ್ತ ತಟ್ಟನೆ ನಿಲ್ಲಿಸಿಬಿಡುತ್ತಿದ್ದ. ಬಲಗೈ ಎದೆಮಟ್ಟಕ್ಕೆ ಏಳುತ್ತಿತ್ತು. ಆ ಕೈ ಎದ್ದಿತೆಂದರೆ ಅವನ ಮನೆಗೆ ಬಂದಿದ್ದ ನಾವ್ಯಾರೂ ಉಸಿರೆತ್ತುವಂತಿರಲಿಲ್ಲ; ಒಲೆಯ ಮುಂದಿದ್ದವರು ಸೌಟನ್ನೂ ಅಲುಗಿಸುವಂತಿರಲಿಲ್ಲ. ಮಾವ ಹಿತ್ತಿಲ ಕಡೆಗೆ ಕಿವಿ ತಿರುಗಿಸಿ ಆಲಿಸುತ್ತಿದ್ದ. ತೋಟದಲ್ಲಿ ಕೊಂಬೆ ಮುರಿಯಿತೇ, ಆನೆ ಬೈನೆ ಮರ ಸೀಳಿದ ಸದ್ದಾಯಿತೇ ಎಂದು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೈ ಇಳಿಯುತ್ತಿತ್ತು. "ಏನಿಲ್ಲ, ಉಣ್ಣಿ" ಅನ್ನುತ್ತಿದ್ದ. ಬಿಟ್ಟ ಮಾತನ್ನು ಮಾತ್ರ ಮತ್ತೆ ಎತ್ತಿಕೊಳ್ಳುತ್ತಿರಲಿಲ್ಲ.

ಮೊದಲು ಅವನು ಹೀಗಿರಲಿಲ್ಲ. ಮಾವ ನನ್ನ ಅಮ್ಮನ ತಮ್ಮ. ಮಾರನಹಳ್ಳಿಯ ಹತ್ತಿರ ಹೆದ್ದಾರಿ ಬಿಟ್ಟು ಕಾಲುದಾರಿಯಲ್ಲಿ ಇಳಿದರೆ ಅವನ ಮನೆ. ಒಂದಿಷ್ಟು ಕಾಫಿ, ಒಂದು ತುಂಡು ಗದ್ದೆ, ಕೊಟ್ಟಿಗೆಯಲ್ಲಿ ಹಸುಗಳು. ಮಕ್ಕಳಿರಲಿಲ್ಲ. ಅವನೂ ಲಲಿತತ್ತೆಯೂ ಕರಿಯ ಎಂಬ ನಾಯಿಯೂ ಸೇರಿ ಒಂದು ಸಂಸಾರ. ಅತ್ತೆಯ ಮೇಲಿನ ದೂರನ್ನೆಲ್ಲ ಮಾವ ನಾಯಿಯ ಮುಂದೆ ಹೇಳಿಕೊಳ್ಳುತ್ತಿದ್ದ. "ನೋಡೋ ಕರಿಯ, ನಿಮ್ಮವ್ವ ಇವತ್ತೂ ಸಾರಿಗೆ ಉಪ್ಪು ಹಾಕದ್ ಮರೆತವ್ಳೆ. ನೀನೇ ಕೇಳು, ನಾನ್ ಕೇಳಿದ್ರೆ ಅದ್ನೂ ಹಾಕಲ್ಲ." ಅತ್ತೆ ಒಳಗಿನಿಂದಲೇ, "ಅವ್ನಿಗೆ ಸರಿಯಾಗೈತಂತೆ, ನಿಂಗೇನು ಕೊಬ್ಬು" ಎಂದು ಕೂಗುತ್ತಿದ್ದಳು. ಕರಿಯ ಇಬ್ಬರಿಗೂ ಬಾಲ ಆಡಿಸುತ್ತಿತ್ತು.

ಆ ವರ್ಷಗಳಲ್ಲಿ ಆಲೂರು, ಸಕಲೇಶಪುರದ ಕಡೆ ಆನೆಗಳ ಓಡಾಟ ಹೆಚ್ಚುತ್ತಿತ್ತು. ಒಂದು ಬೆಳಗ್ಗೆ ಅತ್ತೆ ಸಗಣಿಯ ಮಂಕರಿ ಹೊತ್ತು ತಿಪ್ಪೆಯ ಕಡೆ ಹೋದಳು. ಕರಿಯ ಮುಂದೆ ಮುಂದೆ ಓಡಿತು. ದಟ್ಟ ಮಂಜು. ಕಾಫಿ ಗಿಡಗಳ ಮರೆಯಲ್ಲಿ ಒಂಟಿ ಆನೆ ನಿಂತಿದ್ದದ್ದು ಅತ್ತೆಗೆ ಕಾಣಲಿಲ್ಲ, ನಾಯಿಗೆ ಕಂಡಿತು. ಬೊಗಳುತ್ತ ಅದರ ಕಾಲಬುಡದವರೆಗೂ ಹೋಯಿತು. ಆನೆ ತಿರುಗಿ ಅಟ್ಟಿಸಿಕೊಂಡು ಬಂದಾಗ ಹೆದರಿದ ನಾಯಿ ನೇರ ಓಡಿಬಂದದ್ದು ಅತ್ತೆಯ ಕಾಲಬಳಿಗೆ. ಹಾಲು ಕರೆಯುತ್ತಿದ್ದ ಮಾವ ಕೊಟ್ಟಿಗೆಯಿಂದ ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮುಗಿಸಿ ಬಂದ ಜನ ಅಂಗಳದಲ್ಲಿ ಕೂತಿದ್ದಾಗ ಕರಿಯ ಕೊಟ್ಟಿಗೆಯ ಮೂಲೆಯಲ್ಲಿ ಮುದುಡಿಕೊಂಡಿತ್ತು. ನೆಂಟರೊಬ್ಬರು ದೊಣ್ಣೆ ಹಿಡಿದು ಎದ್ದರು. "ಮನೆಯವಳನ್ನೇ ತಿಂದ್ಕೊಂಡ ನಾಯಿ ಇದು, ಇಟ್ಕೋಬಾರದು ಈರಪ್ಪ." ಮಾವ ತಲೆಯೆತ್ತದೆ ಹೇಳಿದ: "ಅದ್ಕೇನ್ ಗೊತ್ತು? ಹೆದ್ರಿಕೆ ಆಯ್ತು, ಅವ್ವನತ್ರ ಓಡ್ಬಂತು. ನಾವಾಗಿದ್ರೂ ಹಂಗೇ ಓಡ್ತಿದ್ವಿ. ಕೆಳಗಿಡಿ ದೊಣ್ಣೆನ."

ಕರಿಯನಿಗೆ ಅವನು ಎರಡು ಹೊತ್ತೂ ಅನ್ನ ಹಾಕಿದ. ಆದರೆ ಮುಟ್ಟಲಿಲ್ಲ, ಮಾತಾಡಿಸಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ನಾಯಿ ಸತ್ತುಹೋಯಿತು.

ತಮ್ಮ ಒಬ್ಬನೇ ಆಗಿಬಿಟ್ಟನಲ್ಲ ಎಂದು ಅಮ್ಮನಿಗೆ ಸಂಕಟ. ನಾನು ಆಗ ಹಾಸನದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಬೇಸಿಗೆ ರಜೆಗೆ ಮಾವನ ಮನೆಗೆ ಹೊರಟವಳ ಕೈಗೆ ಅಮ್ಮ ಒಂದು ಬುಟ್ಟಿ ಕೊಟ್ಟಳು. ಒಳಗೆ ಕಂದುಬಣ್ಣದ ಗಂಡುಮರಿ. ಮಾವ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದವನು ಮತ್ತೆ ಮುಚ್ಚಿದ. "ವಾಪಸ್ ತಗೊಂಡ್ ಹೋಗವ್ವ" ಅಂದ. ನಾನು ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಮರಿ ಹೊಸ್ತಿಲ ಮೇಲೆ ಉಚ್ಚೆ ಹೊಯ್ದು, ಅವನ ಚಪ್ಪಲಿಯ ಪಟ್ಟಿ ಕಡಿದು ಹಾಕಿತ್ತು. ಮಾವ ಅದನ್ನು ಬಹಳ ಹೊತ್ತು ನೋಡುತ್ತ ಕೂತಿದ್ದ. ಕೊನೆಗೆ, "ಇರದಾದ್ರೆ ನಾನ್ ಕಲ್ಸ್‌ದಂಗೆ ಕಲೀಬೇಕು" ಅಂದ.

ಉಚ್ಚೆ ಹೊರಗೆ ಹೊಯ್ಯುವುದನ್ನು, ಚಪ್ಪಲಿ ಮುಟ್ಟದಿರುವುದನ್ನು ಎಲ್ಲರೂ ಕಲಿಸುತ್ತಾರೆ. ಮಾವನಿಗೆ ಅದರ ಚಿಂತೆಯೇ ಇರಲಿಲ್ಲ. ಅವನು ಮರಿಯ ಊಟದ ತಟ್ಟೆಯನ್ನು ನಡುಮನೆಯ ಮಂಚದ ಕೆಳಗೆ, ಗೋಡೆಗೆ ಒತ್ತಿ ಇಟ್ಟ. ಆಮೇಲೆ ಅಂಗಳಕ್ಕೆ ಹೋಗಿ ಖಾಲಿ ಎಣ್ಣೆ ಡಬ್ಬಕ್ಕೆ ಕೋಲಿನಿಂದ ಬಡಿದ. ಮರಿ ಬೆಚ್ಚಿಬಿದ್ದು ಕುಂಯ್‌ಗುಡುತ್ತ ಅವನ ಕಾಲಿಗೇ ಬಂದು ಸುತ್ತಿಕೊಂಡಿತು. ಮಾವ ಬಗ್ಗಲಿಲ್ಲ. ಎಲ್ಲೋ ನೋಡುತ್ತ ಕಂಬದಂತೆ ನಿಂತ. ಮತ್ತೆ ಬಡಿದ. ಮರಿ ಅವನ ಪಂಚೆಯನ್ನು ಹಲ್ಲಿನಲ್ಲಿ ಹಿಡಿದು ನಡುಗಿತು. ಅವನು ಪಂಚೆ ಬಿಡಿಸಿಕೊಂಡು ಜಗಲಿ ಹತ್ತಿ ನಿಂತ.

"ಮಾವ, ಪಾಪ ಕಣೋ. ಒಂದ್ಸಲ ಎತ್ಕೋ" ಅಂದೆ.

"ಎತ್ಕೊಂಡ್ರೆ ನಾಳೆ ನನ್ ಕಾಲಡಿಗೇ ಬತ್ತದೆ."

"ಬರ್ಲಿ. ಮರಿ ಅಲ್ವಾ? ಇನ್ಯಾರತ್ರ ಹೋಗ್ಬೇಕು?"

"ಯಾರತ್ರನೂ ಹೋಗ್ಬಾರ್ದು" ಅಂದ ಮಾವ. "ಹೆದ್ರಿಕೆ ಆದ್ರೆ ಒಳೀಕೆ ಹೋಗ್ಬೇಕು. ಬಾಯಿ ಮುಚ್ಕೊಂಡು ಮಂಚದ್ ಕೆಳಗೆ ಮಲೀಕಬೇಕು. ಅಷ್ಟು ಕಲಿತ್ರೆ ಅದೂ ಬದುಕ್ತದೆ, ಅದ್ನ ಸಾಕಿದೋರೂ ಬದುಕ್ತಾರೆ."

ದಿನಾ ಇದೇ ನಡೆಯಿತು. ಒಂದು ದಿನ ಮರಿ, ಯಾವ ಆಸರೆಯೂ ಸಿಗದೆ, ತಾನಾಗಿಯೇ ಒಳಗೆ ನುಗ್ಗಿ ಮಂಚದ ಕೆಳಗೆ ಸೇರಿತು. ಮಾವ ಡಬ್ಬ ಎಸೆದು ಒಳಗೆ ಓಡಿ, ನೆಲಕ್ಕೆ ಬೋರಲು ಮಲಗಿ ತೆವಳಿಕೊಂಡು ಹೋಗಿ, ಅದರ ಬಾಯಿಗೆ ಬೆಲ್ಲದ ಚೂರು ಇಟ್ಟ. ಹೊರಗೆ ಬಂದಾಗ ಅವನ ಎದೆ, ಮೊಣಕೈಗೆಲ್ಲ ಧೂಳು. ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

ಬೊಗಳಿದರೆ ಹೊಡೆಯುತ್ತಿರಲಿಲ್ಲ. ಅಂಗೈಯಿಂದ ಅದರ ಮೂತಿಯನ್ನು ಮೆತ್ತಗೆ ಮುಚ್ಚಿ "ಸುಮ್ಕಿರು" ಅನ್ನುತ್ತಿದ್ದ, ಮಗುವನ್ನು ಮಲಗಿಸುವ ದನಿಯಲ್ಲಿ. ಹೆಸರಿಡಲು ಅವನು ಒಪ್ಪಲಿಲ್ಲ. ಕೊನೆಗೆ ಆ ಮಾತನ್ನೇ ಮರಿ ತನ್ನ ಹೆಸರೆಂದುಕೊಂಡಿತು. ಊಟಕ್ಕೆ ಕರೆಯುವಾಗಲೂ "ಸುಮ್ಕಿರೂ" ಎಂದರೆ ಓಡಿಬರುತ್ತಿತ್ತು. ನಮ್ಮ ಅಮ್ಮ ಇದನ್ನು ಕೇಳಿ ನಕ್ಕಳು. ಮಾವ ನಗಲಿಲ್ಲ.

ಅವನ ಮನಸ್ಸು ಕಲ್ಲಾಗಿದೆ ಎಂದೇ ನಾನು ತಿಳಿದಿದ್ದೆ. ಒಂದು ಮಧ್ಯಾಹ್ನ ಬಟ್ಟೆ ಒಗೆದು ಒಳಗೆ ಬಂದಾಗ ಮರಿ ಬಾಗಿಲ ಬಳಿ ಬಿಸಿಲಲ್ಲಿ ಗಾಢವಾಗಿ ನಿದ್ದೆ ಹೋಗಿತ್ತು. ಮಾವ ಪಕ್ಕದಲ್ಲಿ ಕೂತು ಅದರ ತಲೆಯ ಮೇಲೆ ಎರಡೇ ಬೆರಳು ಆಡಿಸುತ್ತಿದ್ದ. ಅದು ಮಿಸುಕಿದ ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡ. ನನ್ನನ್ನು ಕಂಡು, "ಉಣ್ಣೆಹುಳ ಐತೇನೋ ಅಂತ ನೋಡ್ತಿದ್ದೆ" ಅಂದ.

ಮುಂದಿನ ವರ್ಷದ ಕಾಫಿ ಕೊಯ್ಲಿನ ಹೊತ್ತಿಗೆ ಮತ್ತೆ ಹೋಗಿದ್ದೆ. ಮರಿ ಎತ್ತರದ ನಾಯಿಯಾಗಿತ್ತು. ಅಂಗಳದಲ್ಲಿ ಹಣ್ಣು ಹರಡುತ್ತಿದ್ದಾಗ ಅದು ಎದ್ದು ನಿಂತು ಬೇಲಿಯ ಕಡೆ ನೋಡಿತು. ಬೆನ್ನಿನ ಕೂದಲು ನೆಟ್ಟಗಾಯಿತು. ಗಂಟಲು ಅದುರಿತು, ಸದ್ದು ಬರಲಿಲ್ಲ. ಮಾವನ ಕೈ ಎದ್ದಿತು. ನಾಯಿ ತಿರುಗಿ, ಅವನ ಕಾಲ ಪಕ್ಕದಲ್ಲೇ ಹಾದು, ಅವನ ಕಡೆ ನೋಡದೆ ಒಳಗೆ ಹೋಯಿತು. ನಾವೂ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡೆವು. ಕಿಟಕಿಯಲ್ಲಿ ನೋಡುತ್ತಿದ್ದ ಹಾಗೆ ಕೊಂಬಿನ ಆನೆಯೊಂದು ಬೇಲಿ ದಾಟಿ ಬಂತು. ಹರಡಿದ ಹಣ್ಣಿನ ಮೇಲೆ ಕಾಲಿಟ್ಟು ಅಂಗಳ ದಾಟಿತು, ಬಾಳೆಗಿಡವೊಂದನ್ನು ಕಿತ್ತುಕೊಂಡು ಗದ್ದೆಯ ಕಡೆ ಇಳಿದುಹೋಯಿತು. ಮಂಚದ ಕೆಳಗಿನಿಂದ ಒಂದು ಉಸಿರೂ ಕೇಳಲಿಲ್ಲ.

"ಗೆದ್ಬಿಟ್ಟೆ ಮಾವ! ಎಂಥಾ ನಾಯಿ ಮಾಡಿದ್ದೀಯ!" ಎಂದು ನಾನು ಅವನ ತೋಳು ಹಿಡಿದು ಅಲುಗಿಸಿದೆ. ಮಾವ ಗೋಡೆಗೆ ಒರಗಿ ಹಾಗೇ ಕುಸಿದು ಕೂತ.

"ಇಷ್ಟೇ ಆಗಿತ್ತಲ್ಲವ್ವ" ಅಂದ. "ಇಷ್ಟು ಸುಲಭ ಆಗಿತ್ತಲ್ಲ. ಒಂದು ಡಬ್ಬ, ಒಂಚೂರು ಬೆಲ್ಲ. ಕರಿಯಂಗೂ ಇದ್ನ ಕಲ್ಸಿದ್ರೆ ಅವಳು ಇವತ್ತು ಅಲ್ಲಿ ಹಣ್ಣು ಹರಡ್ತಾ ಇರೋಳು. ನಾನು ಅದ್ರ ಜೊತೆ ಮಾತಾಡ್ಕೊಂಡು, ಆಡ್ಕೊಂಡು ಕೂತಿದ್ದೆ."

ಅತ್ತೆ ಸತ್ತ ದಿನ ಅಳದ ಮಾವ ಅಂದು ಬಾಯಿಗೆ ಟವೆಲು ಒತ್ತಿಕೊಂಡು ಅತ್ತ. ಆನೆ ಇನ್ನೂ ಗದ್ದೆಯಲ್ಲಿತ್ತು, ಸದ್ದು ಮಾಡುವಂತಿರಲಿಲ್ಲ.

ಕೆಲವು ವರ್ಷಗಳ ನಂತರ ಅವನಿಗೆ ಉಸಿರಾಟದ ತೊಂದರೆ ಶುರುವಾಯಿತು. ನಾವೆಲ್ಲ ಹಾಸನಕ್ಕೆ ಕರೆದೆವು, ಬರಲಿಲ್ಲ. ನಾನು ಕೊನೆಯ ಸಲ ಹೋದಾಗ ಹಸುಗಳನ್ನು ಮಾರಿದ್ದ. ಜಗಲಿಯಲ್ಲಿ ಕೂತು ತೊಡೆ ತಟ್ಟಿ ನಾಯಿಯನ್ನು ಕರೆದ. ಅದು ಎದ್ದು ಬಂದು ಒಂದು ಮಾರು ದೂರದಲ್ಲಿ ಕೂತಿತು. ಮತ್ತೆ ತಟ್ಟಿದ. ಅದು ಬಾಲ ಆಡಿಸಿತು, ಹತ್ತಿರ ಬರಲಿಲ್ಲ.

"ಬರಲ್ಲ ಕಣವ್ವ. ನಾನೇ ಬರಬ್ಯಾಡ ಅಂದಿದ್ದು" ಅಂದ. ಸ್ವಲ್ಪ ಸುಧಾರಿಸಿಕೊಂಡು, "ಇದ್ನ ಹಾಸನಕ್ಕೆ ಕರ್ಕೊಂಡ್ ಹೋಗ್ಬುಡು. ನಿಮ್ಮನೆ ಹತ್ರ ಆನೆ ಇಲ್ಲ. ಅಲ್ಲಾದ್ರೂ ಬಾಯ್ಬಿಟ್ಟು ಬೊಗಳ್ಲಿ" ಅಂದ.

ಗುರುತಿನವರ ಜೀಪಿನಲ್ಲಿ ನಾಯಿಯನ್ನು ಕರೆತಂದೆ. ಮಾವ ಆಗಾಗ ಮಾರನಹಳ್ಳಿಯ ಬೂತಿನಿಂದ ಫೋನ್ ಮಾಡುತ್ತಿದ್ದ. ನನ್ನ ಆರೋಗ್ಯ ಕೇಳುತ್ತಿರಲಿಲ್ಲ, ತನ್ನದನ್ನು ಹೇಳುತ್ತಿರಲಿಲ್ಲ. "ಬೊಗಳ್ತಾ?" ಇದೊಂದೇ ಪ್ರಶ್ನೆ. "ಇನ್ನೂ ಹೊಸ ಜಾಗ ಅಲ್ವಾ ಮಾವ" ಎಂದು ನಾನು ತಳ್ಳುತ್ತಿದ್ದೆ.

ಮಳೆ ಹಿಡಿದ ಮೇಲೆ ಬಂದದ್ದು ಅವನ ಕೊನೆಯ ಫೋನು. ಮಾತಿಗಿಂತ ಏದುಸಿರೇ ಹೆಚ್ಚು ಕೇಳುತ್ತಿತ್ತು.

"ಬೊಗಳ್ತಾ ಅವ್ವ?"

"ಹೂಂ ಮಾವ. ಬೊಗಳ್ತದೆ."

"ಹೆಂಗೈತೆ ದನಿ? ಸಣ್ದಾ, ದಪ್ಪನಾ?"

"ದಪ್ಪ ಮಾವ. ಬೀದಿಗೆಲ್ಲ ಕೇಳ್ತದೆ. ಅಕ್ಕಪಕ್ಕದೋರು ಬಂದು ಜಗಳ ಆಡ್ತಾರೆ."

ಮಾವ ನಕ್ಕ. ಅತ್ತೆ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಆಡ್ಲಿ ಬುಡು" ಅಂದ. "ಬೈಬ್ಯಾಡ ಅದ್ನ."

ನಾಯಿ ನನ್ನ ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಮಲಗಿತ್ತು. ಹೊರಗೆ ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದ ಸದ್ದಿಗೆ ಆಗಷ್ಟೇ, ಬಾಯಿ ಬಿಡದೆ, ಅಲ್ಲಿ ಹೋಗಿ ಸೇರಿತ್ತು.