ಕಂಪನಿಯ ಸಿಪಾಯಿ, ನಮ್ಮ ಕಾಯಿದೆ

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದೇ ನೆಪ ಮಾಡಿಕೊಂಡು ನಾನೂ ಹಾನಗಲ್ಲಿನ ನನ್ನ ಸೈಕಲ್ ಅಂಗಡಿಯಲ್ಲಿ ಸೋಮವಾರ ಮಧ್ಯಾಹ್ನದ ಮೇಲೆ ಪಾನಾ, ಸುತ್ತಿಗೆ ಮುಟ್ಟುತ್ತಿರಲಿಲ್ಲ. ಪಕ್ಕದ ಅಂಗಡಿಯ ಟೇಲರ್ ಮಷೀನಿಗೆ ಬಟ್ಟೆ ಹೊದಿಸಿ ಬರುತ್ತಿದ್ದ. ಕುಂಬಾರ ಓಣಿಯ ಗೆಳೆಯ ತಿಗರಿ ನಿಲ್ಲಿಸಿ ಬರುತ್ತಿದ್ದ. ಮೂವರೂ ಹೆಂಡತಿ ಮಕ್ಕಳಿದ್ದವರು. ಬಾಗಿಲು ಅರ್ಧ ಎಳೆದುಕೊಂಡು, ನೆಲದ ಮೇಲೆ ಮರಳು ಹರವಿ, ಯುದ್ಧ ಆಡುತ್ತಿದ್ದೆವು.

ನಮ್ಮ ಸಿಪಾಯಿಗಳು ಹುಬ್ಬಳ್ಳಿಯ ಒಂದು ಪ್ಲಾಸ್ಟಿಕ್ ಆಟಿಕೆ ಕಾರ್ಖಾನೆಯವರು. ಅದರ ಏಜೆಂಟ ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲ ಸುತ್ತುತ್ತಿದ್ದ. ಹಾನಗಲ್ಲಿಗೆ ಬಂದರೆ ಹಳ್ಳಿ ತಿರುಗಲು ಅವನಿಗೆ ನನ್ನ ಬಾಡಿಗೆ ಸೈಕಲ್ಲೇ ಬೇಕು. ಅಚ್ಚಿನಲ್ಲಿ ಸೊಟ್ಟಗಾದ, ಮಾರಲು ಬಾರದ ಸಿಪಾಯಿಗಳನ್ನೂ ಕುದುರೆ ಸವಾರರನ್ನೂ ಚೀಲಗಟ್ಟಲೆ ನನ್ನಲ್ಲಿ ಸುರಿದು ಹೋಗುತ್ತಿದ್ದ.

ಕಾರ್ಖಾನೆ ಸಿಪಾಯಿಗಳನ್ನು ಮಾಡಿತ್ತು, ಅವರನ್ನು ಕಾದಾಡಿಸುವುದು ಹೇಗೆಂದು ಹೇಳಿರಲಿಲ್ಲ. ಅದನ್ನು ನಾವು ಮಾಡಿದೆವು. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಆ ಕಾಯಿದೆಗಳಲ್ಲಿ ಒಂದು ತೂತು ತೋರಿಸಿದವರನ್ನು ನಾನಿನ್ನೂ ಕಂಡಿಲ್ಲ. ಟೇಲರನ ಟೇಪಿನಲ್ಲಿ ಒಂದು ನಡೆಗೆ ಕಾಲಾಳಿಗೆ ನಾಲ್ಕು ಇಂಚು, ಕುದುರೆಗೆ ಎಂಟು. ಏಟು ತಗುಲಿತೋ ಇಲ್ಲವೋ ಕವಡೆ ಹೇಳಬೇಕು. ಏಟಿಲ್ಲದೆ ತಾನೇ ಉರುಳಿದ ಸಿಪಾಯಿಗೆ ಜ್ವರ. ಒಂದು ಸುತ್ತು ಮಲಗಿಯೇ ಇರಬೇಕು. ಇದು ಹುಟ್ಟಿದ್ದು ಆ ಸೊಟ್ಟ ಕಾಲುಗಳಿಂದಲೇ. ಎಲ್ಲವನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆವು.

ಕುಂಬಾರನಿಗೆ ಮಾತ್ರ ಪ್ಲಾಸ್ಟಿಕ್ ಹಿಡಿಸಲಿಲ್ಲ. ತನ್ನ ಪಡೆಯನ್ನು ಮಣ್ಣಿನಲ್ಲೇ ಮಾಡಿ ಸುಟ್ಟು ತಂದ. ಒಬ್ಬೊಬ್ಬನಿಗೂ ಒಂದೊಂದು ಥರದ ರುಮಾಲು.

"ನಿಮ್ಮವ್ರು ಎಲ್ಲಾ ಒಂದ ಮುಖದವ್ರಲೇ. ನನ್ನವ್ರನ್ನ ನೋಡ್ರಿ, ಒಬ್ಬೊಬ್ಬನ ಅವ್ವ ಬ್ಯಾರೆ, ಮನಿ ಬ್ಯಾರೆ."

ಏಜೆಂಟ ನಮ್ಮ ಆಟವನ್ನು ತಾನು ಹೋದಲ್ಲೆಲ್ಲ ಬಾಯಿಂದಲೇ ಹಂಚಿದ. ಸವಣೂರಿನ ವೀಳ್ಯದೆಲೆ ವ್ಯಾಪಾರಿಗಳೂ ಆಡತೊಡಗಿದರು. ಅವನ ಮಾಲು ಓಡಿತು. ಎಂಬತ್ತರ ದಶಕದ ಆರಂಭದ ಒಂದು ಸೋಮವಾರ, ಆಟದ ನಡುವೆಯೇ ಬಂದು ಕುಳಿತ.

"ಮಾಲಕರು ಒಪ್ಯಾರ್ರಿ. ನಿಮ್ಮ ಕಾಯ್ದೆ ಅಚ್ಚು ಹಾಕಿ ಡಬ್ಬಿ ಒಳಗ ಇಡ್ತೇವಿ. ಹಾನಗಲ್ ಗೆಳೆಯರು ಮಾಡಿದ್ದು ಅಂತ ಮ್ಯಾಲೆ ಬರಸ್ತೇವಿ."

ಟೇಲರ್ ಆಗಲೇ ತನ್ನ ಕಾಲರು ಸರಿಮಾಡಿಕೊಂಡ.

"ಎರಡ ಬದಲು," ಅಂದ ಏಜೆಂಟ. "ಜ್ವರ ತಗೀಬೇಕು, ಮಾಲು ಖರಾಬ ಅಂದಂಗ ಆಕ್ಕೈತಿ. ಇನ್ನೊಂದು, ಕಂಪನಿ ಸಿಪಾಯಿ ಬಿಟ್ಟು ಬ್ಯಾರೆ ಯಾವ್ದೂ ನಡ್ಯಂಗಿಲ್ಲ ಅಂತ ಸೇರಿಸ್ಬೇಕು."

"ಜ್ವರ ತಗೀರಿ," ಅಂದೆ. "ಗಟ್ಟಿ ಕಾಲು ಮಾಡ್ರಿ, ಅದು ಬರೂದ ಇಲ್ಲ. ಎರಡ್ನೇದು ಬ್ಯಾಡ."

"ಅದ ಇಲ್ಲಂದ್ರ ಮಾಲಕರು ಒಲ್ಲೆ ಅಂತಾರ್ರಿ. ಈ ಪುಕ್ಕಟೆ ಚೀಲಾನೂ ಬಂದ್."

"ಹೂಂ ಅನ್ನಲೇ," ಟೇಲರ್ ನನ್ನ ಮೊಣಕಾಲು ತಿವಿದ. "ಊರ ಹೆಸರು ಅಚ್ಚಾಕೈತಿ. ಡಬ್ಬಿ ಒಳಗ ಏನರ ಬರೀಲಿ, ಇಲ್ಲಿ ನಾವು ನಮ್ಮಂಗ ಆಡಿದ್ರಾತು."

ಅವನ ಮಾತಿನಲ್ಲಿ ಹುರುಳಿತ್ತು. ಆದರೆ ಅಷ್ಟರಲ್ಲಿ ಕುಂಬಾರ ತನ್ನ ಮಣ್ಣಿನ ಆಳುಗಳನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತತೊಡಗಿದ್ದ.

"ಅಚ್ಚು ಹಾಕಸ್ರಿ. ನಾ ಕವಡಿ ಎಣಿಸ್ಕೊಂತ ಕುಂದರ್ತೇನಿ," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಜಗಳವಾಡಿ ಒಪ್ಪಿಸುತ್ತಿದ್ದೆನೇನೋ.

"ಏಜೆಂಟ್ರ," ಅಂದೆ ಕುಂಬಾರನತ್ತ ಕೈಮಾಡಿ, "ಸಿಪಾಯಿ ನಿಮ್ಮವು. ನಿಮ್ಮ ಡಬ್ಬಿ ಒಳಗ ಏನ್ ಬೇಕಾದ್ರೂ ಹಾಕ್ರಿ. ಆದ್ರ ಮ್ಯಾಲೆ ನಮ್ಮ ಹೆಸರು ಇದ್ರ, ಇಂವಾ ಒಳಗ ಇರಬೇಕು."

ಏಜೆಂಟ ಎದ್ದು ನಿಂತು ಕೇಳಿದ: "ಸೈಕಲ್ಲರ ಕೊಡ್ತೀರಿಲ್ಲೋ?"

"ಸೈಕಲ್ ಏನ್ ತಪ್ಪು ಮಾಡೇತ್ರಿ? ಒಯ್ರಿ."

ಕೆಲವು ತಿಂಗಳಿಗೆ ಕಂಪನಿಯ ಡಬ್ಬಿ ಪೇಟೆಗೆ ಬಂತು. ಕವಡೆಯ ಬದಲು ದಾಳ, ಹೊಸ ಚಿತ್ರ, ನಮ್ಮ ಹೆಸರಿಲ್ಲ. ಆದರೆ ಕಾಲಾಳು ನಡೆಯುವುದು ಅದೇ ನಾಲ್ಕು ಇಂಚು. ಟೇಲರ್ ಹಾರಾಡಿದ. ನಾನು ಕೇಳಲು ಹೋಗಲಿಲ್ಲ. ಇಂಚನ್ನೇನು ನಾನು ಹೆತ್ತಿರಲಿಲ್ಲ. ಚೀಲಗಳು ನಿಂತವು. ಇದ್ದ ಕುದುರೆಗಳ ಕಾಲು ಒಂದೊಂದಾಗಿ ಮುರಿದು, ನಮ್ಮ ಯುದ್ಧವೆಲ್ಲ ಕಾಲಾಳುಗಳ ನೂಕಾಟವಾಯಿತು. ಟೇಲರ್ ಮುನಿಸಿಕೊಂಡು ಬರುವುದನ್ನೇ ಬಿಟ್ಟ.

ಆಗ ಕುಂಬಾರ ಗಡಿಗೆಗಳ ಜೊತೆ ಆವಿಗೆಯಲ್ಲಿಟ್ಟು ಸುಟ್ಟ ಕುದುರೆಗಳನ್ನು ಬುಟ್ಟಿ ತುಂಬ ತಂದು ಮರಳಿನ ಮೇಲೆ ನಿಲ್ಲಿಸಿದ. ಸುದ್ದಿ ಕೇಳಿ ಟೇಲರ್ ಟೇಪು ಕೊರಳಿಗೆ ಹಾಕಿಕೊಂಡೇ ಬಂದ.

"ಕುದುರಿ ಏನಲೇ ಇವು, ಎಮ್ಮಿ ಏನು?"

"ತೆಳ್ಳನ ಕಾಲು ಮುರೀತಾವಲೇ. ನಾಕು ಹೊಡತ ತಿಂದು ನಿಲ್ಲೂ ಕುದುರಿ ಇವು."

"ಈ ಹೊಟ್ಟಿ ಹೊತ್ಕೊಂಡು ಎಂಟು ಇಂಚು ಓಡೂದು ಸುಳ್ಳು."

"ಆರು ಅನ್ನು ಮತ್ತ."

"ಆರೂ ಭಾಳಾತು."

"ನೀ ನಿನ್ನ ಹೊಟ್ಟಿ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಓಡಂಗಿಲ್ಲೇನು?"

ಇಬ್ಬರೂ ಬಹಳ ಹೊತ್ತು ಕಚ್ಚಾಡಿ, ಆರು ಇಂಚು, ಆದರೆ ಗುದ್ದಿದರೆ ಎದುರಿನ ಇಬ್ಬರು ಬೀಳಬೇಕು ಎಂಬಲ್ಲಿಗೆ ಬಂದರು. ಟೇಲರ್ ಎದ್ದು ಗೋಡೆಯ ಮೇಲಿನ ಎಂಟನ್ನು ಅಂಗೈಯಿಂದ ಒರೆಸಿ ಆರು ಬರೆದ. ಆಮೇಲೆ ಬುಟ್ಟಿಗೆ ಕೈಹಾಕಿ, ಯಾರನ್ನೂ ಕೇಳದೆ, ತನ್ನ ಪ್ಲಾಸ್ಟಿಕ್ ಪಡೆಗೆಂದು ಒಳ್ಳೆಯ ಕುದುರೆಗಳನ್ನು ಆರಿಸಿಕೊಳ್ಳತೊಡಗಿದ.