ಬೇಲಿಗೆ ಬಗ್ಗದ ಅಂಚೆಯಕ್ಕ

ಕಡಲಿನ ಮೇಲೆ ಗೋಡೆಯಂತೆ ಎದ್ದ ಗುಡ್ಡ, ಅದರ ಅಂಚಿನಲ್ಲೊಂದು ಕಾಲುದಾರಿ. ಮೂವತ್ತೊಂದು ವರ್ಷ ಅಂಚೆಯಕ್ಕ ಆ ದಾರಿಯಲ್ಲೇ ದೀಪಸ್ತಂಭದವರೆಗೆ ಕಾಗದ ಹೊತ್ತವರು. ನಿವೃತ್ತಿಯಾದ ಮರುದಿನವೂ ಬೆಳಿಗ್ಗೆ ಆರಕ್ಕೆ ಹೊರಟಾಗ ಗಂಡ ನಕ್ಕರು.

"ಇನ್ಯಾರಿಗೆ ಕಾಗದ ಕೊಡ್ತೀಯೆ?"

"ಕೊಡೋಕಲ್ಲ, ನೋಡೋಕೆ."

ಹೆಗಲಿನ ಚೀಲ ಹೋಗಿ ಕೊರಳಿಗೆ ದುರ್ಬೀನು ಬಂತು. ಕಡಲಾಮೆ ಉಸಿರಿಗೆಂದು ಎಲ್ಲಿ ತಲೆಯೆತ್ತುತ್ತದೆ, ಡಾಲ್ಫಿನ್ ಹಿಂಡು ಯಾವಾಗ ದಡದ ಹತ್ತಿರ ಸುಳಿಯುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಬೆನ್ನಿನ ರೆಕ್ಕೆ ಹರಿದಿದ್ದ ಒಂದು ಡಾಲ್ಫಿನ್‌ಗೆ 'ಪೋಸ್ಟ್‌ಮಾಸ್ಟರ್' ಎಂದು ಹೆಸರಿಟ್ಟಿದ್ದರು. ಎಲ್ಲರೂ ಬಂದಾದ ಮೇಲೆ ನಿಧಾನಕ್ಕೆ ಬರುವುದು ಅದರ ಅಭ್ಯಾಸ.

ಒಂದು ಬೆಳಿಗ್ಗೆ ದಾರಿಗೆ ಅಡ್ಡಲಾಗಿ ತಂತಿಬೇಲಿ, ಕಬ್ಬಿಣದ ಗೇಟು. ಪಕ್ಕದ ಹೊಸ ಹೋಟೆಲಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಇನ್ಮೇಲೆ ನಮ್ಮ ಅತಿಥಿಗಳಿಗೆ ಮಾತ್ರ, ಅಮ್ಮ."

"ಕಡಲೂ ನಿಮ್ಮದೇನಪ್ಪಾ?"

"ನಾನು ಸಂಬಳದವನು. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ."

ಅವನೊಡನೆ ಜಗಳವಾಡದೆ ಅವರು ನೇರ ಸರ್ಕಾರಿ ಕಚೇರಿಗೆ ಹೋದರು. ಅಧಿಕಾರಿ ನಕ್ಷೆ ಬಿಡಿಸಿ, "ಇಲ್ಲಿ ದಾರೀನೇ ಇಲ್ವಲ್ಲಮ್ಮ" ಎಂದ.

"ಇಲ್ಲದ ದಾರೀಲಿ ನಡೆಯೋಕಾ ಸರ್ಕಾರ ಇಷ್ಟು ವರ್ಷ ನಂಗೆ ಸಂಬಳ ಕೊಟ್ಟಿದ್ದು?"

ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಎಂಟು ದಿನ ಕಾದು, ಒಂಬತ್ತನೆಯ ದಿನ ಅಂಚೆಯಕ್ಕ ತಂತಿಯ ಕೆಳಗೆ ನುಸುಳಿದರು. ಮೊಣಕೈ ಗೀರಿ ರಕ್ತ ಬಂತು. ಹೋಟೆಲಿನ ಮ್ಯಾನೇಜರ್ ಓಡಿಬಂದ.

"ಪೊಲೀಸರನ್ನ ಕರೀತೀನಿ!"

"ಕರೀರಿ. ಬರೋ ಹೊತ್ತಿಗೆ ನಾನು ದೀಪಸ್ತಂಭದ ಹತ್ತಿರ ಇರ್ತೀನಿ."

ಮನೆಯಲ್ಲಿ ಗಂಡ ಗಾಯಕ್ಕೆ ಮುಲಾಮು ಹಚ್ಚುತ್ತ, "ಈ ವಯಸ್ಸಲ್ಲಿ ಠಾಣೆ ಮೆಟ್ಟಿಲು ಹತ್ತಬೇಕೇನೆ?" ಎಂದು ಗೊಣಗಿದರು. ಮರುದಿನ ಮಂಡಿನೋವಿನಲ್ಲೂ ತಂತಿ ಎತ್ತಿ ಹಿಡಿಯಲು ತಾವೇ ಜೊತೆಗೆ ಹೊರಟರು. ವಾರದೊಳಗೆ ಬೇಕರಿಯವಳು, ಮೇಷ್ಟ್ರು, ಮೀನುಗಾರರ ಹೆಂಡಂದಿರು ಸೇರಿ ಇಪ್ಪತ್ತು ಜನರಾದರು.

ಅಂಥದೊಂದು ಬೆಳಿಗ್ಗೆ ಕೆಳಗಿನ ನೀರು ಉಬ್ಬಿ, ಕಪ್ಪು ಬೆನ್ನೊಂದು ಮೇಲೆದ್ದಿತು. ಅದರ ಪಕ್ಕಕ್ಕೆ ಅಂಟಿಕೊಂಡು ಮರಿ. ತಿಮಿಂಗಿಲ! ಹೋಟೆಲಿನ ಅತಿಥಿಗಳೆಲ್ಲ ಅಂಚೆಯಕ್ಕನನ್ನು ಮುತ್ತಿಕೊಂಡರು. ಮ್ಯಾನೇಜರ್‌ನ ದನಿಯೂ ಮೆತ್ತಗಾಯಿತು.

"ಅಮ್ಮ, ದಿನಾ ನಮ್ಮವರಿಗೆ ಇದನ್ನೆಲ್ಲ ತೋರಿಸ್ತೀರಾ? ಒಳ್ಳೇ ಸಂಬಳ ಕೊಡ್ತೀವಿ."

"ಗೇಟು ಕೀಳಿ. ಪುಕ್ಕಟೆ ತೋರಿಸ್ತೀನಿ, ಎಲ್ಲರಿಗೂ."

ಅವನು ಕೀಳಲಿಲ್ಲ, ಇವರೂ ನುಸುಳುವುದನ್ನು ಬಿಡಲಿಲ್ಲ. ನಾಲ್ಕು ತಿಂಗಳ ಮೇಲೆ ಕೊನೆಗೂ ಅವರ ಅರ್ಜಿಗೆ ಕಚೇರಿಯಿಂದ ದಾರಿ ತೆರೆಯುವ ಆದೇಶ ಬಂದು, ಬೇಲಿ ಸಮೇತ ಗೇಟು ಲಾರಿ ಹತ್ತಿತು. ನಿಂತು ನೋಡುತ್ತಿದ್ದ ಅಧಿಕಾರಿ ಹಲ್ಲು ಕಿರಿದ. "ಒಂದು ಥ್ಯಾಂಕ್ಸ್ ಆದ್ರೂ ಹೇಳಲ್ವೇನಮ್ಮ?"

"ನಮ್ಮ ದಾರಿ ನಮಗೆ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಬೇರೆ ಕೇಡು!" ಎಂದು ಅಂಚೆಯಕ್ಕ ತಿರುಗಿಯೂ ನೋಡದೆ ನಡೆದೇಬಿಟ್ಟರು.