ಹುಳುಮನೆಯಲ್ಲಿ ನಿಂತಿದ್ದ ಕೆಂಪು ಕಾರು

ನಮ್ಮ ಯಜಮಾನರು ಕಾರನ್ನು ನೋಡುವುದು ಕೆಳಗಿನಿಂದ. ಬೇರೆಯವರು ಬಣ್ಣ ನೋಡಿ, ಬಾಗಿಲು ತೆಗೆದು, ಸೀಟಿನ ಮೇಲೆ ಕೂತು ಎದ್ದು ನೋಡಿದರೆ ಇವರು ಮೊದಲು ಒಂದು ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ನುಸುಳುತ್ತಾರೆ. ಕಾಲೆರಡು ಮಾತ್ರ ಹೊರಗೆ ಕಾಣುತ್ತಿರುತ್ತವೆ. ಅಡಿಯಿಂದ "ಹೂಂ" ಎಂದು ಬಂದರೆ ಪರವಾಗಿಲ್ಲ. "ಅಯ್ಯೋ ಪಾಪ" ಎಂದು ಬಂದರೆ ಮಾರುವವನ ಮುಖ ಸಣ್ಣದಾಗುತ್ತದೆ.

ಹೆಸರು ಮುನಿಗಂಗಪ್ಪ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಾವಿರುವುದು ಚಿಂತಾಮಣಿಯಲ್ಲಿ. ಹಳೇ ಕಾರು ಕೊಳ್ಳುವವರು ಚಿಕ್ಕಬಳ್ಳಾಪುರದಿಂದ, ಗೌರಿಬಿದನೂರಿನಿಂದಲೂ ಇವರನ್ನು ಕರೆದೊಯ್ಯಲು ಬರುತ್ತಾರೆ. ಇವರದು ಒಂದೇ ಷರತ್ತು, ತಾವು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಿರಬಾರದು. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಬೆಚ್ಚಗಿದ್ದರೆ, ತಣ್ಣಗಿರುವಾಗ ಏಳಲು ಹಟ ಮಾಡುವ ಇಂಜಿನನ್ನು ಮೊದಲೇ ಎಬ್ಬಿಸಿ ಇಟ್ಟಿದ್ದಾರೆ ಎಂದು ಅರ್ಥ. ಆಯಿಲ್ ಮುಚ್ಚಳದ ಒಳಗೆ ಕೆನೆಯ ಹಾಗೆ ಬೆಳ್ಳಗೆ ಕಟ್ಟಿದ್ದರೆ ಎಲ್ಲೋ ನೀರು ಸೇರುತ್ತಿದೆ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಹಳೇ ಕರ್ಚೀಫಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಯೆಲ್ಲ ಸವರಿ, ಅದು ಅಂಟದ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಪೆಟ್ಟು ಬಿದ್ದಿದೆ, ಪುಟ್ಟಿ ಮೆತ್ತವ್ರೆ" ಅನ್ನುತ್ತಾರೆ. ಕೊಳ್ಳಬೇಡ ಎಂದು ಮಾತ್ರ ಯಾರಿಗೂ ನೇರವಾಗಿ ಹೇಳುವುದಿಲ್ಲ. "ಇದಕ್ಕೆ ಸಾಕಾಗೈತೆ ಕಣಪ್ಪ, ಮಲಗಲಿ ಬಿಡು" ಅನ್ನುತ್ತಾರೆ, ಅಷ್ಟೇ.

ಇಷ್ಟೆಲ್ಲ ಕಾರು ನೋಡಿದ ಮನುಷ್ಯನಿಗೆ ಸ್ವಂತದ್ದು ಒಂದೂ ಇಲ್ಲ. ಆಸೆ ಇರಲಿಲ್ಲವೆಂದಲ್ಲ, ಇದ್ದ ಆಸೆ ವಿಚಿತ್ರದ್ದು. ಒಮ್ಮೆ ಹೈವೇಯಲ್ಲಿ ಕೆಟ್ಟು ನಿಂತ ಬಸ್ಸಿನ ಅಡಿ ಮಲಗಿದ್ದಾಗ, ಮೇಲ್ಛಾವಣಿ ತೆರೆದ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರೊಂದು ಪಕ್ಕದಲ್ಲೇ ಹಾದುಹೋಯಿತಂತೆ. ಅಂದಿನಿಂದ ಅದೇ ಗುಂಗು. ಸಂಜೆ ಮಂಚದ ತುದಿಯಲ್ಲಿ ಕಣ್ಣು ಮುಚ್ಚಿ ಕೂತು ಗೇರು ಬದಲಿಸುವ ಹಾಗೆ ಎಡಗೈಯನ್ನು ಗಾಳಿಯಲ್ಲಿ ಆಡಿಸುತ್ತಾರೆ. ನಾನು ಅಕ್ಕಿ ಆರಿಸುತ್ತ, "ಎಲ್ಲಿಗೆ ಬಂದ್ರಿ?" ಅನ್ನುತ್ತೇನೆ. "ಕೈವಾರ ದಾಟ್ದೆ, ಗಾಳಿ ಜೋರಾಗೈತೆ, ಸೆರಗು ಸರಿ ಮಾಡ್ಕೊ" ಅನ್ನುತ್ತಾರೆ. ನಗಬೇಡಿ. ಎಷ್ಟೋ ಸಂಜೆ ನಾನು ನಿಜವಾಗಿಯೂ ಸೆರಗು ಸರಿ ಮಾಡಿಕೊಂಡಿದ್ದೇನೆ.

ಹೋದ ಕಾರ್ತಿಕದಲ್ಲಿ ನಮ್ಮಣ್ಣ ವೆಂಕಟರವಣಪ್ಪನ ಫೋನು ಬಂತು. ನನ್ನ ತವರು ಶಿಡ್ಲಘಟ್ಟದ ಕಡೆ, ತಲೆಮಾರುಗಳಿಂದ ರೇಷ್ಮೆ ಹುಳ ಸಾಕುವ ಮನೆ. ಅಣ್ಣನ ಅಳಿಯ ಮೋಹನ್‌ಬಾಬು ಚಿಕ್ಕಬಳ್ಳಾಪುರದಲ್ಲಿ ಕಂಟ್ರಾಕ್ಟರು. ಶೋಕಿಗೆಂದು ಅಂಥದೇ ಒಂದು ಕಾರು ಕೊಂಡಿದ್ದವನು ಬೇಸರ ಬಂದು, ನಮ್ಮ ಹಳೇ ಹುಳುಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಹೋಗಿ ನಾಲ್ಕು ವರ್ಷವಾಗಿತ್ತು. ಈಗ ಮಾರುತ್ತಾನಂತೆ. ನಮ್ಮವರು ಅಂದು ಎರಡು ಸಲ ಸ್ನಾನ ಮಾಡಿದರು. ಅವರ ಖುಷಿ ನೋಡಿ, ಏನಾದರೂ ಎಡವಟ್ಟಾದರೆ ಈ ಮನುಷ್ಯ ತಡೆದುಕೊಳ್ಳುವುದಿಲ್ಲ ಅಂದುಕೊಂಡೆ.

ನಾವು ಹೋದ ದಿನ ಹೊಸ ಹುಳುಮನೆಯಲ್ಲಿ ಹುಳಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿದ್ದೆ ಹೋಗುವುದು. ಆಗ ಮನೆಯವರೂ ಪಿಸುಮಾತಿನಲ್ಲೇ ಓಡಾಡುತ್ತಾರೆ. ಅಣ್ಣ ಕೈಮುಗಿದೇ ಹೇಳಿದ, "ಬಾವ, ಇಲ್ಲಿ ಮಾತ್ರ ಸ್ಟಾರ್ಟ್ ಮಾಡಬ್ಯಾಡ್ರಿ. ಹುಳಕ್ಕೆ ಹೊಗೆ ಆಗಕಿಲ್ಲ. ರೋಡ್ ತನಕ ತಳ್ಕೊಂಡು ಹೋಗಣ."

ಹಳೇ ಹುಳುಮನೆಗೂ ಕಾಲು ತೊಳೆದೇ ಹೋಗಬೇಕು. ಈಗ ಅಲ್ಲಿ ಹುಳ ಇಲ್ಲದಿದ್ದರೂ ಹುಳ ಸಾಕುವ ತಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ತೊಳೆಯುವುದು, ಸುಣ್ಣದ ಮೂಟೆ ಇಡುವುದು ಅಲ್ಲೇ. ಅಣ್ಣ ಕಾರಿನ ಮೇಲಿನ ಟಾರ್ಪಾಲು ಸರಿಸಿದ. ಗಿಣಿಮೂತಿ ಮಾವಿನ ಕೆನ್ನೆಯ ಕೆಂಪು. ನಮ್ಮವರು ಬಾನೆಟ್ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತಿದ್ದರು. ಅದು ತಣ್ಣಗಿದೆಯೇ ಎಂದು ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ.

ಮೂವರೂ ಸೇರಿ ಟಾರು ರಸ್ತೆಗೆ ತಳ್ಳಿದೆವು. ನಮ್ಮವರು ಹೊಸ ಬ್ಯಾಟರಿ ಕೂರಿಸಿ, ಹಳೇ ಪೆಟ್ರೋಲು ಬಸಿದು ಹೊಸದು ಹಾಕಿದರು. ಆಯಿಲ್ ನೋಡಿದರು, ಬೆಲ್ಟು ಒತ್ತಿದರು, ಅಯಸ್ಕಾಂತ ಸವರಿದರು. ಎಲ್ಲ ಕಡೆಯೂ ಅಂಟಿತು. ಮೂರು ಸಲ ಕೆಮ್ಮಿ ಇಂಜಿನ್ ಎದ್ದಿತು. ಹೊಗೆಯಲ್ಲಿ ನೀಲಿ ಇರಲಿಲ್ಲ. ಆಮೇಲೆ ಅವರು ಚೀಲದಿಂದ ಗೋಣಿ ತೆಗೆದು ಹಾಸಲು ಬಗ್ಗಿದರು. ಅಣ್ಣನ ಮುಖ ಬಾಡಿತು. ನನಗೆ ರೇಗಿತು.

"ಇನ್ನೂ ಏನ್ ನೋಡ್ತೀರ? ನಾಲ್ಕು ವರ್ಷ ನಮ್ಮ ಹುಳುಮನೇಲಿ ನಿಂತಿರೋ ಕಾರು. ಅದಕ್ಕಿಂತ ಶುದ್ಧವಾದ ಜಾಗ ಈ ತಾಲ್ಲೂಕಲ್ಲಿ ಐತಾ? ಊರೋರ ಕಾರ್ ಥರ ನಮ್ಮಣ್ಣನ ಮುಂದೆ ಅಡಿಗೆ ನುಗ್ತೀರಲ್ಲ!"

ಅವರು ನನ್ನನ್ನು ನೋಡಿದರು. ಗೋಣಿಯನ್ನು ಮಡಚಿ ಚೀಲದೊಳಗೆ ಇಟ್ಟರು. "ಸರಿ, ಹತ್ತು" ಅಂದರು.

ಒಂದು ಸುತ್ತು ಓಡಿಸಿ ನೋಡಲು ಮೇಲ್ಛಾವಣಿ ತೆಗೆದು ಹೊರಟೆವು. ಬಿಸಿಲು ಏರಿರಲಿಲ್ಲ. ಎರಡೂ ಕಡೆ ಹಿಪ್ಪುನೇರಳೆ ತೋಟ, ದೂರದಲ್ಲಿ ಮಂಜು ಮುಸುಕಿದ ಅಂಬಾಜಿದುರ್ಗ. ಕಾರು ಎಷ್ಟು ತಗ್ಗಿನಲ್ಲಿತ್ತೆಂದರೆ ರಸ್ತೆಬದಿಯ ಹುಲ್ಲಿನ ಹೂ ನನ್ನ ಮೊಳಕೈ ಮಟ್ಟಕ್ಕೆ ಬರುತ್ತಿತ್ತು. ನಾನು ನಮ್ಮವರ ಕಡೆ ನೋಡಿದೆ. ಮದುವೆಯಾದ ಹೊಸತರಲ್ಲೂ ಆ ಮುಖ ನಾನು ಕಂಡಿರಲಿಲ್ಲ. ಹೀಗೇ ಹೋಗುತ್ತಿರಲಿ, ವಾಪಸ್ ತಿರುಗುವುದೇ ಬೇಡ ಅನ್ನಿಸಿತು.

ಕಾಲ ಕೆಳಗೆ ಏನೋ ತಣ್ಣಗಾಯಿತು. ಬಗ್ಗಿ ಮ್ಯಾಟು ಸರಿಸಿದೆ. ತಗಡು ಹಪ್ಪಳದಂತೆ ಪುಡಿಯಾಗಿ, ತಟ್ಟೆಯಗಲದ ತೂತು ಬಿದ್ದಿತ್ತು. ಅಂಚಿನಲ್ಲಿ ಬಿಳೀ ಪುಡಿ. ತೂತಿನಲ್ಲಿ ರಸ್ತೆ ಹರಿಯುತ್ತಿತ್ತು, ಬೂದುಬಣ್ಣದ ನೀರಿನ ಹಾಗೆ. ಒಂದು ಕ್ಷಣ ಅದೂ ಚೆಂದವೇ ಅನ್ನಿಸಿಬಿಟ್ಟಿತು. ಮರುಕ್ಷಣವೇ ಕಾಲು ಮೇಲೆಳೆದುಕೊಂಡೆ. ನಮ್ಮಪ್ಪ ಹುಳುಮನೆ ಬಾಗಿಲ ಕೀಲುಗಳನ್ನು ಮತ್ತೆ ಮತ್ತೆ ಬದಲಿಸುತ್ತಿದ್ದುದು ನೆನಪಾಯಿತು. ಬ್ಲೀಚಿಂಗ್ ಪುಡಿ ಹುಳಕ್ಕೆ ಬರುವ ರೋಗವನ್ನು ಕೊಲ್ಲುತ್ತದೆ, ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ. ಆ ಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ತಲೆಗೆ ಬಂದಿರಲಿಲ್ಲ. ಕಾರಿನ ಅಡಿ ಹೀಗಿದ್ದರೆ, ಅಲ್ಲೇ ಹಾದುಹೋಗುವ ಬ್ರೇಕ್ ಪೈಪು ಹೇಗಿರಬೇಡ.

"ರೀ, ನಿಲ್ಸಿ."

"ಇನ್ನೊಂಚೂರು ದೂರ."

"ಕೆಳಗೆ ನೋಡ್ರಿ ಒಂದ್ಸಲ."

ಅವರು ನೋಡಲಿಲ್ಲ. "ಗೊತ್ತು ಕಣೇ. ಕ್ಲಚ್ ಒತ್ತಿದಾಗ್ಲೇ ಕಾಲಿಗೆ ಗಾಳಿ ಬಡೀತು. ಅದಕ್ಕೇ ಸೆಕೆಂಡ್ ಗೇರ್ ದಾಟಿಲ್ಲ, ಹ್ಯಾಂಡ್‌ಬ್ರೇಕ್ ಮೇಲೇ ಕೈ ಇಟ್ಟಿದೀನಿ."

ಆಗಲೇ ನಾನು ನೋಡಿದ್ದು, ಪಕ್ಕದಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋಗುತ್ತಿದ್ದ.

"ಮತ್ತೆ ಯಾಕ್ ಹೇಳ್ಲಿಲ್ಲ?"

"ಶೆಡ್ಡಲ್ಲಿ ಬ್ಲೀಚಿಂಗ್ ವಾಸನೆ ಬಂದಾಗ್ಲೇ ಅನುಮಾನ ಬಂತು. ಗೋಣಿ ತೆಗೆದೆ. ತವರಿನ ಹುಳುಮನೆ ಅಂತ ನಿಂಗೆ ಅಷ್ಟು ಹೆಮ್ಮೆ. ನಿಮ್ಮಣ್ಣನ ಮುಂದೆ ಹೆಂಗೆ ಹೇಳ್ಲಿ?" ರಸ್ತೆಯಿಂದ ಕಣ್ಣು ಕೀಳದೆ ಅಂದರು, "ನಂಗೂ ನೋಡೋ ಮನಸ್ಸಿರಲಿಲ್ಲ ಬಿಡು."

"ಹಂಗಂತ ಕೊಂಡ್ಕೊಂಬಿಡ್ತಿದ್ರಾ?"

"ಹೂಂ."

ನನಗೆ ಅಳು ಬಂತು, ಸಿಟ್ಟೂ ಬಂತು. ಊರಿನವರಿಗೆಲ್ಲ ಮಲಗಲಿ ಬಿಡು ಅನ್ನುವ ಮನುಷ್ಯ, ನನ್ನ ತವರಿನ ಮಾನಕ್ಕೆಂದು ತೂತಿನ ಕಾರನ್ನು ಮನೆಗೆ ತರಲು ಹೊರಟಿದ್ದರು. "ತಿರುಗಿಸ್ರಿ" ಅಂದೆ. ನಿಧಾನವಾಗಿ ತಿರುಗಿಸಿದರು.

ರಸ್ತೆಯಂಚಿನಲ್ಲಿ ಅಣ್ಣ ಕಾಯುತ್ತಿದ್ದ. ನಮ್ಮವರು ಬಾಯಿ ತೆರೆಯುವ ಮುಂಚೆ ನಾನೇ ಇಳಿದು ಹೇಳಿದೆ. "ಅಣ್ಣ, ಕಾರು ಬ್ಯಾಡ. ನಮ್ಮ ಹುಳುಮನೆ ತಿಂದುಹಾಕೈತೆ ಇದನ್ನ." ಈ ಮಾತು ನನ್ನ ಬಾಯಿಂದ ಬರುತ್ತದೆಂದು ಅವನು ಎಣಿಸಿರಲಿಲ್ಲ. ತಲೆ ಬಗ್ಗಿಸಿ ತೂತು ನೋಡಿದ. "ಏಂ ಬಾವ, ಇಂಗಾಗೋಯ್ತಲ್ಲ" ಅಂದ, ಹುಳಗಳಿಗೆ ಕೇಳಬಾರದೆಂಬಂತೆ ಮೆಲ್ಲಗೆ. ನಮ್ಮವರು ಇಂಜಿನ್ ಆರಿಸಿದರು. ಬೀಗದ ಕೈ ತೆಗೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ವಾಪಸ್ಸೂ ತಳ್ಳಿಕೊಂಡೇ ಹೋಗಬೇಕಿತ್ತು. ಈ ಸಲ ಸ್ಟೇರಿಂಗ್ ಹಿಡಿಯಲು ನನ್ನನ್ನು ಕೂರಿಸಿದರು. ಮಣ್ಣಿನ ದಾರಿ ಸಪಾಟಾಗಿತ್ತು, ಕಾರು ಸದ್ದಿಲ್ಲದೆ ಉರುಳುತ್ತಿತ್ತು. ಕನ್ನಡಿಯಲ್ಲಿ ನಮ್ಮವರು ಕಂಡರು. ಕೈಯಲ್ಲಿ ತಳ್ಳುತ್ತಿರಲಿಲ್ಲ. ಹಿಂಬದಿಯ ಕೆಂಪು ತಗಡಿಗೆ ಕೆನ್ನೆ ಒತ್ತಿ, ಎರಡೂ ತೋಳು ಚಾಚಿ, ಇಡೀ ಮೈ ಆನಿಸಿ ತಳ್ಳುತ್ತಿದ್ದರು.

ಹುಳುಮನೆಯ ದಾರಿ ನೇರಕ್ಕಿತ್ತು. ನಾನು ಸ್ಟೇರಿಂಗನ್ನು ಬಲಕ್ಕೆ, ತೋಟವನ್ನು ಬಳಸಿಹೋಗುವ ದಾರಿಗೆ ತಿರುಗಿಸಿದೆ.

"ಆ ಕಡೆ ಬಾಳ ಸುತ್ತಾಯ್ತದೆ ಕಣಮ್ಮಾ!" ಅಣ್ಣ ಹಿಂದಿನಿಂದ ಕೂಗಿದ.

ನಮ್ಮವರು ಕೆನ್ನೆ ತೆಗೆಯದೆ ತಳ್ಳುತ್ತಲೇ ಇದ್ದರು.